ಮೊದಲ ಕ್ಯಾಮೆರಾ ಕೊಡಿಸುವ ಮುನ್ನ

ಪಿಯುಸಿ ಮುಗಿಸಿದ ಮಗಳೋ ಒಂಬತ್ತನೇ ತರಗತಿಯ ಮಗನೋ "ನಂಗೊಂದು ಡಿಎಸ್‌ಎಲ್‌ಆರ್ ಬೇಕು" ಅಂದಾಗ ಅಪ್ಪ ಅಮ್ಮ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವುದು ಬೆಸ್ಟ್? ನಾನು ತಿರುಗಿ ಕೇಳುವುದೂ ಒಂದೇ: ಅವಳ ಮೊಬೈಲ್‌ನಲ್ಲಿ ಈಗ ಎಂಥ ಫೋಟೋಗಳಿವೆ? ಗೆಳತಿಯರ ಜೊತೆಗಿನ ಸೆಲ್ಫಿ, ರೀಲ್ಸ್‌ಗಳೇ ತುಂಬಿದ್ದರೆ ಆ ಕೆಲಸವನ್ನು ಮೊಬೈಲೇ ಚೆನ್ನಾಗಿ ಮಾಡುತ್ತದೆ, ಸದ್ಯಕ್ಕೆ ಬೇರೆ ಕ್ಯಾಮೆರಾ ಬೇಡ. ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿ, ಜಾತ್ರೆಯಲ್ಲಿ ನಿಂತ ಮುದುಕರ ಮುಖ, ವಾರ್ಷಿಕೋತ್ಸವದ ವೇದಿಕೆ ಇವೆಲ್ಲ ಇದ್ದು, "ಝೂಮ್ ಮಾಡಿದ್ರೆ ಒಡೆದುಹೋಗತ್ತೆ" ಅಂತ ಅವಳೇ ಗೊಣಗುತ್ತಿದ್ದರೆ ಕ್ಯಾಮೆರಾಕ್ಕೆ ಕಾರಣವಿದೆ ಎಂದರ್ಥ. ಆಗಲೂ ಅವಸರ ಬೇಡ. ದೊಡ್ಡ ಊರುಗಳಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಶನಿವಾರ, ಭಾನುವಾರ ತಂದು ಅವಳ ಕೈಗೆ ಕೊಡಿ. ಎರಡು ದಿನದಲ್ಲಿ ಅವಳಿಗೂ ನಿಮಗೂ ಬಹಳಷ್ಟು ತಿಳಿಯುತ್ತದೆ.

ಡಿಎಸ್‌ಎಲ್‌ಆರ್ ತೆಗೆದುಕೊಳ್ಳುವ ಕಾಲ ಇನ್ನೂ ಇದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಕ್ಯಾಮೆರಾಗಳಿಗಾಗಿ ಲೆನ್ಸ್ ಕೂರುವ ಹೊಸ ಮೌಂಟ್ ತಂದವು, ಹೊಸ ಲೆನ್ಸ್‌ಗಳು ಈಗ ಅದಕ್ಕೇ ಬರುತ್ತಿವೆ. ಹಣದ ಅಡಚಣೆ ಇಲ್ಲದಿದ್ದರೆ, ವಿಡಿಯೋ ಕೂಡ ಮುಖ್ಯವಾಗಿದ್ದರೆ ಮಿರರ್‌ಲೆಸ್ ನೋಡಿ. ಬಜೆಟ್ ಬಿಗಿಯಾಗಿದ್ದರೆ ಡಿಎಸ್‌ಎಲ್‌ಆರ್ ಈಗಲೂ ಒಳ್ಳೆಯ ಪಾಠಶಾಲೆ. ಒಳಗಿನ ಕನ್ನಡಿ ಲೆನ್ಸಿನಿಂದ ಬಂದ ಬೆಳಕನ್ನೇ ನೇರ ಕಣ್ಣಿಗೆ ತೋರಿಸುವುದರಿಂದ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ನಿಕಾನ್ ಡಿ3500 ಒಂದು ಚಾರ್ಜ್‌ಗೆ ಸುಮಾರು 1,550 ಚಿತ್ರಗಳ ಲೆಕ್ಕ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ, ನಿಕಾನ್‌ನ ಎಫ್ ಮೌಂಟ್ 1959ರಿಂದ ಇರುವುದರಿಂದ ಸೆಕೆಂಡ್ ಹ್ಯಾಂಡ್ ಲೆನ್ಸ್‌ಗಳು ಧಾರಾಳವಾಗಿ ಸಿಗುತ್ತವೆ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್ ನಾಳೆ ಅಡಾಪ್ಟರ್ ಹಾಕಿದರೆ ಅದರ ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ.

ಲೆನ್ಸಿನ ವಿಷಯಕ್ಕೆ ಬಂದಿದ್ದು ಒಳ್ಳೆಯದಾಯಿತು. ಪೋಷಕರ ದುಡ್ಡು ತಪ್ಪು ದಾರಿ ಹಿಡಿಯುವುದು ಇಲ್ಲೇ. ಅಂಗಡಿಯಲ್ಲಿ ಎಲ್ಲರೂ ಕ್ಯಾಮೆರಾ ಬಾಡಿಯನ್ನು, ಅದರ ಮೆಗಾಪಿಕ್ಸೆಲ್ ಅನ್ನು ನೋಡುತ್ತಾರೆ. 24 ಮೆಗಾಪಿಕ್ಸೆಲ್ ಅಂದರೆ ಸುಮಾರು 6000 x 4000 ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ ಒಳ್ಳೆಯ ಗುಣಮಟ್ಟದಲ್ಲಿ ಪ್ರಿಂಟ್ ಹಾಕಿಸಿದರೂ 20 x 13 ಇಂಚು ಬರುತ್ತದೆ. ಕಲಿಯುವ ಮಗುವಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ, 18 ಇದ್ದರೂ ಸಾಕು. ಚಿತ್ರದ ಸ್ವಭಾವ ಬದಲಾಗುವುದು ಒಳಗೆ ಎಷ್ಟು ಬೆಳಕು ಬರುತ್ತದೆ ಎಂಬುದರಿಂದ.

ಕ್ಯಾಮೆರಾ ಜೊತೆ ಬರುವ 18–55 ಎಂಎಂ ಕಿಟ್ ಲೆನ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದನ್ನು ಪೂರ್ತಿ ಝೂಮ್ ಮಾಡಿದಾಗ ಲೆನ್ಸಿನ ಬಾಯಿ ತೆರೆಯುವುದು ಎಫ್/5.6ರಷ್ಟು ಮಾತ್ರ. ಝೂಮ್ ಇಲ್ಲದ 50 ಎಂಎಂ ಲೆನ್ಸ್ ಒಂದಿದೆ, ಎಫ್/1.8ರವರೆಗೆ ತೆರೆಯುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಇವೆರಡರ ನಡುವೆ ಬೆಳಕಿನ ಅಂತರ ಹತ್ತು ಪಟ್ಟಿನ ಆಸುಪಾಸು. ಶಾಲೆಯ ವೇದಿಕೆಯ ಮಂದ ಬೆಳಕಿನಲ್ಲಿ ಕಿಟ್ ಲೆನ್ಸ್ ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಡಬೇಕಾದಲ್ಲಿ, 50 ಎಂಎಂ ಲೆನ್ಸ್‌ಗೆ 200ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕುಣಿಯುವ ಹುಡುಗಿಯ ಕೈ ಹೊಗೆಯಂತೆ ಅಳಿಸಿಹೋಗುತ್ತದೆ, ಎರಡನೆಯದರಲ್ಲಿ ಬೆರಳಿನ ಮುದ್ರೆಯೂ ನಿಲ್ಲುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಎದ್ದು ಬರುವ ಚಿತ್ರ ಬೇಕೆಂದು ಮಕ್ಕಳು ಹಂಬಲಿಸುತ್ತಾರಲ್ಲ, ಅದೂ ಇದರಿಂದಲೇ. ಕ್ಯಾನನ್‌ನ 50 ಎಂಎಂ ಎಫ್/1.8, ನಿಕಾನ್‌ನ ಡಿಎಕ್ಸ್ 35 ಎಂಎಂ ಎಫ್/1.8 ಎರಡೂ ಈ ಬಗೆಯವು, ಬೆಲೆಯಲ್ಲಿ ಹೊಸ ಕಿಟ್‌ಗಿಂತ ಎಷ್ಟೋ ಕಡಿಮೆ. ಮನೆಯೊಳಗೆ ಓಡಾಡುತ್ತ ತೆಗೆಯಲು 35 ಅನುಕೂಲ. 50 ಸಣ್ಣ ಕೋಣೆಯಲ್ಲಿ ಇಕ್ಕಟ್ಟೆನಿಸುತ್ತದೆ, ಮುಖಚಿತ್ರಕ್ಕೆ ಸೊಗಸು. ಹೆಚ್ಚಿನ ಬೆಲೆಯ ಬಾಡಿ, ಕಿಟ್ ಲೆನ್ಸ್ ಮಾತ್ರ. ಇಲ್ಲವೇ ಸಾಧಾರಣ ಬಾಡಿ, ಜೊತೆಗೆ ಇಂಥದೊಂದು ಲೆನ್ಸ್. ಇವೆರಡರಲ್ಲಿ ಆರಿಸುವುದಾದರೆ ನನ್ನ ಮಗುವಿಗೆ ನಾನು ಯೋಚಿಸದೆ ಎರಡನೆಯದನ್ನೇ ಕೊಡಿಸುತ್ತೇನೆ.

ಬಾಡಿಯಲ್ಲಿ ಏನು ನೋಡಬೇಕು? ಕ್ಯಾನನ್ 1500ಡಿ 24 ಮೆಗಾಪಿಕ್ಸೆಲ್‌ನದು, ಬ್ಯಾಟರಿ ಸಮೇತ ಅರ್ಧ ಕಿಲೋಗಿಂತ ಹಗುರ, ಕಲಿಯಲು ಬೇಕಾದ ಎಲ್ಲವೂ ಅದರಲ್ಲಿದೆ. 200ಡಿ ಮಾರ್ಕ್ 2ರಲ್ಲಿ ತಿರುಗುವ ಪರದೆಯಿದೆ, ಪರದೆ ನೋಡಿ ತೆಗೆಯುವಾಗ ಫೋಕಸ್ ಬಹಳ ಚುರುಕು. ನೆಲಮಟ್ಟದಲ್ಲಿ ಹೂವು, ಹುಳು ತೆಗೆಯುವ ಮಗುವಿಗೆ ಹಿತ. 3000ಡಿ ಎಲ್ಲಕ್ಕಿಂತ ಅಗ್ಗ. ಆದರೆ ಲೆನ್ಸ್ ಕೂರುವ ಮೌಂಟ್ ಅದರಲ್ಲಿ ಪ್ಲಾಸ್ಟಿಕ್‌ನದು, ಕಣ್ಣಿನ ಪವರ್‌ಗೆ ತಕ್ಕಂತೆ ವ್ಯೂಫೈಂಡರ್ ಹೊಂದಿಸುವ ಸಣ್ಣ ಚಕ್ರವೂ ಇಲ್ಲ. ಮಗು ಕನ್ನಡಕ ಹಾಕುತ್ತಿದ್ದರೆ ಇದು ಸಣ್ಣ ಕೊರತೆಯಲ್ಲ. ನಿಕಾನ್ ಡಿ3500 ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಒಳ್ಳೆಯದೇ. ಒಂದು ಎಚ್ಚರಿಕೆ: ಡಿ3000 ಮತ್ತು ಡಿ5000 ಸಾಲಿನ ನಿಕಾನ್‌ಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗವಾಗಿ ಸಿಕ್ಕಿತೆಂದು ಹಳೆಯ ಎಎಫ್-ಡಿ ಲೆನ್ಸ್ ಕೊಂಡರೆ ಆಟೋಫೋಕಸ್ ಆಗುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ.

ಸೆಕೆಂಡ್ ಹ್ಯಾಂಡ್ ಅಂದರೆ ಮುಖ ಸಿಂಡರಿಸಬೇಡಿ, ಆದರೆ ಕೊಳ್ಳುವ ಮೊದಲು ಅರ್ಧ ಗಂಟೆ ಕೂತು ನೋಡಿ. ಲೆನ್ಸನ್ನು ಬಾಡಿಯಿಂದ ಬಿಚ್ಚಿಸಿ, ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಾಕಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದರೆ ಫಂಗಸ್ ಇದ್ದಲ್ಲಿ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಎಫ್/16ರಲ್ಲಿಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳಿದೆ, ಅದನ್ನು ಕ್ಲೀನ್ ಮಾಡಿಸಬಹುದು. ಶಟರ್ ಎಷ್ಟು ಬಾರಿ ಓಡಿದೆ ಎಂದು ಕೇಳಿ. ನಿಕಾನ್‌ನಲ್ಲಿ ಈ ಲೆಕ್ಕ ಫೋಟೋ ಫೈಲ್‌ನಲ್ಲೇ ದಾಖಲಾಗಿರುತ್ತದೆ. ಡಿ3500ರ ಶಟರನ್ನು 1 ಲಕ್ಷ ಬಾರಿಗೆ ಪರೀಕ್ಷಿಸಿದ್ದಾರೆ, ಹಾಗಾಗಿ ಇಪ್ಪತ್ತು ಸಾವಿರ ಓಡಿದ್ದು ಹೊಸದರ ಸಮವೇ. ಹೊಸದನ್ನೇ ಕೊಳ್ಳುವುದಾದರೆ ಬಿಲ್, ಭಾರತದ ವಾರಂಟಿ ಕಾರ್ಡ್ ಎರಡೂ ಬೇಕು, ಅವುಗಳಲ್ಲಿನ ಸೀರಿಯಲ್ ನಂಬರ್ ಕ್ಯಾಮೆರಾದ್ದಕ್ಕೆ ಹೊಂದಬೇಕು. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆಗೆ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದುಬನ್ನಿ. ಉಚಿತವೆಂದು ಕೊಡುವ ಟ್ರೈಪಾಡ್, ಫಿಲ್ಟರ್‌ಗಳಿಗೆ ಮರುಳಾಗಬೇಡಿ. ಒಂದು ನಂಬಿಕಸ್ಥ ಕಂಪನಿಯ 64 ಜಿಬಿ ಕಾರ್ಡ್, ಭುಜಕ್ಕೆ ಹಿತವಾದ ಬ್ಯಾಗ್, ಇಷ್ಟಿದ್ದರೆ ಸಾಕು.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. "ಅಷ್ಟು ದುಡ್ಡು ಕೊಟ್ಟಿದ್ದೀವಿ, ಹುಷಾರು" ಎಂದು ಕ್ಯಾಮೆರಾವನ್ನು ಗಾಡ್ರೇಜ್ ಬೀರುವಿನೊಳಗೆ ಸೀರೆಗಳ ನಡುವೆ ಇಟ್ಟುಬಿಡುವ ಮನೆಗಳಿವೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹೀಗಿಟ್ಟರೆ ಒಂದೇ ಮಳೆಗಾಲಕ್ಕೆ ಲೆನ್ಸ್ ಕೆಡಬಹುದು. ಕತ್ತಲು, ತೇವ, ಗಾಳಿಯಾಡದ ಜಾಗ ಇವು ಫಂಗಸ್‌ಗೆ ಬೇಕಾದ ಹವೆ. ಹೊರಗಿನ ತೇವ ಒಳಬರದಂತೆ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕ್ಯಾಮೆರಾ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿದೆಯೆಂದು ಅರ್ಥ, ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಐನೂರು ರೂಪಾಯಿಯ ಒಳಗೆ ಸಿಗುವ ಪುಟ್ಟ ತೇವಮಾಪಕವೊಂದನ್ನು ಒಳಗಿಟ್ಟು ತೇವಾಂಶ 40ರಿಂದ 50 ಪ್ರತಿಶತ ಇರುವಂತೆ ನೋಡಿಕೊಳ್ಳಿ. ಇದೆಲ್ಲಕ್ಕಿಂತ ದೊಡ್ಡ ಔಷಧ ಬಳಕೆ. ವಾರಕ್ಕೊಮ್ಮೆ ಹೊರಗೆ ಬಂದು ಗಾಳಿ ಬೆಳಕು ಕಂಡ ಲೆನ್ಸ್‌ಗೆ ಫಂಗಸ್ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಆದ್ದರಿಂದ ಗೀರು ಬಿದ್ದರೂ ನೀವು ಬೈಯದೆ ಇರಬಲ್ಲಷ್ಟು ಬೆಲೆಯ ಕ್ಯಾಮೆರಾವನ್ನೇ ಕೊಡಿಸಿ. ಹೆದರಿಕೊಂಡು ಹಿಡಿದ ಕೈ ಕಲಿಯುವುದಿಲ್ಲ.

ಹಕ್ಕಿ ಫೋಟೋದ ಆಸೆ ಇರುವ ಮಕ್ಕಳು ಮೊದಲ ದಿನವೇ ದೊಡ್ಡ ಟೆಲಿ ಲೆನ್ಸ್ ಕೇಳುತ್ತಾರೆ. ಆದರೆ ಹಕ್ಕಿ, ಕಾಡುಪ್ರಾಣಿಗಳ ಫೋಟೋಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ ಫಿಲ್ಮ್ ಕಾಲದಲ್ಲೇ ಕೆಲಸ ಕಲಿತವರು. ರೋಲಿಗೆ 36 ಚಿತ್ರ, ತೊಳೆಸುವವರೆಗೆ ಏನು ಬಂದಿದೆ ಎಂದೇ ಗೊತ್ತಿಲ್ಲ. ಅವರ ಚಿತ್ರಗಳ ಹಿಂದಿದ್ದದ್ದು ಹಕ್ಕಿ ಎಲ್ಲಿ ಕೂರುತ್ತದೆ, ಯಾವಾಗ ಬರುತ್ತದೆ ಎಂಬ ತಿಳಿವಳಿಕೆ. ಗೂಡಿನ ಹತ್ತಿರ ಹೋಗಬಾರದು, ಕೊಂಬೆ ಸರಿಸಬಾರದು ಎಂದು ಮಗುವಿಗೆ ಮೊದಲೇ ಹೇಳಿ. ಗೂಡಿನ ಮರೆ ತಪ್ಪಿದರೆ ಕಾಗೆ, ಹಾವುಗಳಿಗೆ ದಾರಿ ತೋರಿಸಿದಂತೆ.

ಐದಾರು ತಿಂಗಳು ಮೊದಲು ಕೊಡಿಸಿದ ಒಂದೆರಡು ಲೆನ್ಸ್‌ಗಳಲ್ಲೇ ತೆಗೆಯಲಿ. ಮೋಡ್ ಡಯಲ್ ಆಟೋದಲ್ಲೇ ಕೂರದೆ ಕ್ಯಾನನ್‌ನಲ್ಲಿ "ಎವಿ"ಗೆ, ನಿಕಾನ್‌ನಲ್ಲಿ "ಎ"ಗೆ ಬರಲಿ. ಲೆನ್ಸಿನ ಬಾಯಿಯನ್ನು ತಾನೇ ತೆರೆದು ಮುಚ್ಚಿ ನೋಡಲಿ. ಆಮೇಲೆ ಅವಳು ಬಂದು ಹೊಸತೇನಾದರೂ ಕೇಳಿದಾಗ ಕಾರಣ ಕೇಳಿ. "ಮರಕುಟಿಗ ಚಿಕ್ಕದಾಗಿ ಬರತ್ತೆ" ಅಂದರೆ 55–250 ಎಂಎಂ ನೋಡಿ. "ಚಿಟ್ಟೆಯ ರೆಕ್ಕೆಯ ಪುಡಿ ಕಾಣಲ್ಲ" ಅಂದರೆ ಮ್ಯಾಕ್ರೋ. "ಹೊಸ ಮಾಡೆಲ್ ಬಂದಿದೆ" ಎಂಬುದಷ್ಟೇ ಕಾರಣವಾದರೆ ಆ ಹಣದಲ್ಲಿ ಅವಳನ್ನು ರಂಗನತಿಟ್ಟಿಗೋ ಹಂಪಿಗೋ ಕರೆದುಕೊಂಡು ಹೋಗಿ, ಎರಡು ದಿನ ಅಲ್ಲೇ ಉಳಿದು ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಲು ಬಿಡಿ.