ಮುಂಡಗೋಡಿನ ಮಕ್ಕಳೇ, ಬುಟ್ಟಿ ಬೇರೆಯಿರಲಿ

ಕಸ ವಿಂಗಡಿಸಬೇಕೆಂದು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತೀರಿ. ಅದನ್ನೀಗ ಅಡುಗೆಮನೆಗೆ ತನ್ನಿ. ಉಳಿದ ಸಾರು, ಅನ್ನ ಒಂದೇ ಬುಟ್ಟಿಗೆ ಬಿದ್ದರೆ ಅಲ್ಲಿದ್ದ ಕಾಗದ, ರಟ್ಟು, ಪ್ಲಾಸ್ಟಿಕ್ ಎಲ್ಲವೂ ಕೆಟ್ಟವು. ಮರುಬಳಕೆಗೆ ಅವು ಬಾರವು.

ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರು ಪಾಲು ಮಾಡಲು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ನಾವು ಮರೆಯುವುದು ಮೂರನೆಯದನ್ನು: ಆಟಿಕೆಯ ಸೆಲ್ಲು, ಹಳೆಯ ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ. ಇವಕ್ಕೊಂದು ಡಬ್ಬಿ ಇಟ್ಟು, ತುಂಬಿದಾಗ ಕಸದ ಗಾಡಿಯವರಿಗೆ ಹೇಳಿಯೇ ಕೊಡಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿದರೆ ಪೌರಕಾರ್ಮಿಕರ ಕೈ ಉಳಿಯುತ್ತದೆ.

ಹಿತ್ತಿಲಿದ್ದವರಿಗೆ ಹಸಿ ಕಸದ ಚಿಂತೆಯಿಲ್ಲ. ಗುಂಡಿ, ತರಗೆಲೆ, ಒಂದಿಷ್ಟು ಸಗಣಿ ಸಾಕು, ಕೆಲವೇ ತಿಂಗಳಲ್ಲಿ ಗೊಬ್ಬರ.

ಪ್ಲಾಸ್ಟಿಕ್ಕಿಗೆ ಮಾತ್ರ ಬೆಂಕಿ ಹಚ್ಚಬೇಡಿ. ಹಿರಿಯರು ಹಚ್ಚಹೊರಟರೆ ಪ್ರೀತಿಯಿಂದಲೇ ತಡೆಯಿರಿ. ಆ ವಿಷದ ಹೊಗೆ ಹೆಚ್ಚು ಕಾಡುವುದು ಮನೆಯ ಕೂಸನ್ನು, ಅಜ್ಜಿಯನ್ನು. ಹಳ್ಳಕ್ಕೂ ಎಸೆಯಬೇಡಿ, ಮಳೆಗಾಲದಲ್ಲಿ ಅದು ಕೆರೆ ಸೇರುತ್ತದೆ. ಅತ್ತಿವೇರಿಯ ಜಲಾಶಯಕ್ಕೆ ಚಳಿಗಾಲದಲ್ಲಿ ಎಷ್ಟು ದೂರದಿಂದ ಹಕ್ಕಿಗಳು ಬರುತ್ತವೆ! ಅಲ್ಲಿನ ಪಕ್ಷಿಧಾಮಕ್ಕೆ ಹೋಗುವ ದಿನ ತಿಂಡಿ ಡಬ್ಬಿಯಲ್ಲಿರಲಿ, ಖಾಲಿ ಪೊಟ್ಟಣವಿದ್ದರೆ ನಿಮ್ಮ ಚೀಲದಲ್ಲೇ ಮನೆಗೆ ಬರಲಿ.