ನಿಮಿರಾಜನ ದೇಹ ಮತ್ತು ಶೈತ್ಯಸಂರಕ್ಷಣೆ

ಶ್ರೀಮದ್ಭಾಗವತದ ನವಮಸ್ಕಂಧದ ಹದಿಮೂರನೆಯ ಅಧ್ಯಾಯದಲ್ಲಿ ನಿಮಿರಾಜನ ಕಥೆ ಬರುತ್ತದೆ. ವಸಿಷ್ಠರ ಶಾಪದಿಂದ ಆತನ ದೇಹವು ಬಿದ್ದಾಗ ಮುನಿಗಳು ಅದನ್ನು ಸುಗಂಧದ್ರವ್ಯಗಳಲ್ಲಿ ಕೆಡದಂತೆ ಇರಿಸಿದರು; ಸತ್ರಯಾಗವು ಮುಗಿದ ಮೇಲೆ ರಾಜನನ್ನು ಬದುಕಿಸಬೇಕೆಂದು ದೇವತೆಗಳನ್ನು ಬೇಡಿದರು. ದೇಹವನ್ನು ಕಾಪಿಟ್ಟು ಪ್ರಾಣವನ್ನು ನಿರೀಕ್ಷಿಸುವ ಆಸೆ ಇಂದು ನಿನ್ನೆಯದಲ್ಲ.

ಆಧುನಿಕರ ಉಪಾಯವು ಶೈತ್ಯ. 1967ರ ಜನವರಿ 12ರಂದು ಅಮೆರಿಕದಲ್ಲಿ ಮೃತರಾದ ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರಾಧ್ಯಾಪಕರ ದೇಹವನ್ನು ಇಂದಿಗೂ ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಇರಿಸಲಾಗಿದೆ. ಹೀಗೆ ಇರಿಸಿದವರಲ್ಲಿ ಒಬ್ಬರೂ ಈವರೆಗೆ ಎದ್ದಿಲ್ಲ.

ತೊಡಕೆಲ್ಲಿದೆ? ನಮ್ಮ ನಾಗಪುರದ ಕಿತ್ತಳೆಯನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದವರಿಗೆ ಇದು ತಿಳಿದಿದೆ. ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳನ್ನು ಸೀಳುವುದರಿಂದ, ಕರಗಿದಾಗ ತೊಳೆ ಮೆತ್ತಗಾಗಿ ರಸ ಸೋರುತ್ತದೆ. ಇದಕ್ಕೆ ವಿಜ್ಞಾನಿಗಳು ಕಂಡ ಪರಿಹಾರವೆಂದರೆ, ರಕ್ತನಾಳಗಳ ಮೂಲಕ ರಾಸಾಯನಿಕ ದ್ರಾವಣವನ್ನು ತುಂಬಿ, ಹರಳಾಗದೆ ಗಾಜಿನಂತೆ ಗಟ್ಟಿಯಾಗುವ ಹಾಗೆ ತಣಿಸುವುದು. ಆದರೆ ಗಾಜು ಒಂದೇ ಸಮನಾಗಿ ಬಿಸಿಯಾಗದಿದ್ದರೆ ಬಿರಿಯುತ್ತದೆ. ಆದುದರಿಂದ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನೂ ದ್ರಾವಣದೊಡನೆ ಸೇರಿಸಿ, ಕಾಂತಕ್ಷೇತ್ರದಿಂದ ಎಲ್ಲ ಭಾಗವನ್ನೂ ಏಕಕಾಲದಲ್ಲಿ ಕಾಯಿಸಿದರು. ಹೀಗೆ 100 ದಿನಗಳವರೆಗೆ ಇಟ್ಟಿದ್ದ ಇಲಿಯ ಮೂತ್ರಪಿಂಡಗಳು ಬೇರೆ ಇಲಿಗಳಲ್ಲಿ ಕೆಲಸಮಾಡಿದುವೆಂದು ಮಿನೆಸೋಟ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದರು.

ಮೂತ್ರಪಿಂಡವು ಇಡೀ ಮನುಷ್ಯನಲ್ಲ, ದಿಟ. ಆದರೂ ಈ ವಿದ್ಯೆಯ ನಿಜವಾದ ಫಲ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ದಾನವಾಗಿ ಬಂದ ಹೃದಯವು ಮಂಜುಗಡ್ಡೆಯಲ್ಲಿ ನಾಲ್ಕರಿಂದ ಆರು ಗಂಟೆ ಮಾತ್ರ ಉಳಿಯುತ್ತದೆ; ಮೂತ್ರಪಿಂಡವು ಸುಮಾರು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ವಿದರ್ಭದಲ್ಲಿ ಅಂಗಗಳನ್ನು ಹಂಚುವ ನಾಗಪುರದ ವಲಯ ಕಸಿ ಸಮನ್ವಯ ಕೇಂದ್ರವೂ ಗಡಿಯಾರದೊಡನೆಯೇ ಸೆಣಸಬೇಕಾಗಿದೆ.

ಇನ್ನು ನಿಮಿಯ ಉತ್ತರವನ್ನು ಗಮನಿಸಿರಿ. ದೇವತೆಗಳು ಒಪ್ಪಿದರೂ ಆತನು ದೇಹಬಂಧನವು ಬೇಡವೆಂದನು. ಆಗ ಅರಾಜಕತೆಗೆ ಅಂಜಿದ ಮುನಿಗಳು ಆ ದೇಹವನ್ನೇ ಕಡೆಯಲು, ಮಿಥಿಲೆಯನ್ನು ಕಟ್ಟಿದ ಜನಕನು ಹುಟ್ಟಿದನು. ಒಡೆಯನು ತೊರೆದ ದೇಹವು ಪ್ರಜೆಗಳಿಗೆ ಆಸರೆಯಾಯಿತು.

ಕಣ್ಣು ಕೊಟ್ಟವರು ಮುಂದಿನ ಜನ್ಮದಲ್ಲಿ ಕುರುಡರಾಗುವರೆಂಬ ಶಂಕೆ ಕೆಲವು ಮನೆಗಳಲ್ಲಿದೆ. ದೇಹವು ಜಡ, ಜೀವನು ಅದಕ್ಕಿಂತ ಭಿನ್ನನೆಂದು ನಿತ್ಯವೂ ಕೇಳುವ ನಮಗೆ ಅದು ಸಲ್ಲದು. 1994ರ ಅಂಗಾಂಗ ಕಸಿ ಕಾನೂನಿನಂತೆ, ಮಿದುಳು ಸತ್ತವರ ಅಂಗದಾನದಲ್ಲಿ ಬಂಧುಗಳ ಮಾತಿಗೆ ಮಹತ್ತ್ವವಿದೆ. ಆ ಗಳಿಗೆಯ ದುಃಖದಲ್ಲಿ ಮಕ್ಕಳು ತಡವರಿಸದಂತೆ, ಹಿರಿಯರಾದ ನಾವು ನಮ್ಮ ಇಚ್ಛೆಯನ್ನು ಈಗಲೇ ತಿಳಿಸಿಡುವುದು ಯುಕ್ತ.