ಮೊದಲು ಪುಣೆಯ ಗೌಂಡಿಯ ಕೈಕೆಳಗೆ ನಿಲ್ಲಿ

ಅಕ್ಕಾ, ನಾನು ಪುಣೆಯ ಒಂದು ಕನ್ನಡ ಸಭೆಯಲ್ಲಿ ಯೌವನಸ್ಥರ ಕೂಟದ ಸಂಚಾಲಕ. ನಮ್ಮ ಕೂಟದ 14 ಮಂದಿ ಈ ಸಲ ದಸರೆಯ ಹೊತ್ತಿಗೆ ಹತ್ತು ದಿನ ರಜೆ ಹಾಕಿ ನೇಪಾಳದ ಒಂದು ಗುಡ್ಡಗಾಡು ಹಳ್ಳಿಗೆ ಹೋಗಿ, ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯ ಜೊತೆ ಕೆಲಸ ಮಾಡಬೇಕೆಂದಿದ್ದೇವೆ. ತಲಾ 30 ಸಾವಿರ ರೂಪಾಯಿ ಖರ್ಚು. ಹೆಚ್ಚಿನವರು ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು, ಬಾಂಡ್ಲಿ ಎತ್ತಿದವರಲ್ಲ. ಈವರೆಗೆ ಆದ ತಯಾರಿ ಎಂದರೆ ಹಾಡುಗಳ ಅಭ್ಯಾಸ ಮತ್ತು ಒಂದೇ ಬಣ್ಣದ ಟೀ ಶರ್ಟ್. ಸುವಾರ್ತೆಯ ಕರಪತ್ರಗಳನ್ನೂ ಒಯ್ಯೋಣ ಎಂದು ಕೆಲವರ ಆಸೆ. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಎಲ್ಲರೆದುರು ಕೇಳಿದರು: "ಆ ರೊಕ್ಕದಾಗ ಅಲ್ಲಿ ಎರಡು ಮನಿ ಏಳ್ತಾವ. ನೀವು ಹೋಗಿ ಏನು ಕಟ್ಟವ್ರು?" ನನಗೆ ಉತ್ತರ ಹೊಳೆಯಲಿಲ್ಲ. ಹೋಗುವುದೇ ತಪ್ಪೇ? ಹೋಗುವುದಾದರೆ ಹುಡುಗರನ್ನು ಹೇಗೆ ತಯಾರು ಮಾಡಲಿ? ಒಬ್ಬ ಹುಡುಗಿಯ ತಂದೆತಾಯಿಯಂತೂ ಒಪ್ಪುತ್ತಲೇ ಇಲ್ಲ.
ಓದುಗ, ಖಡಕಿ, ಪುಣೆ

ಆ ಹಿರಿಯರ ಲೆಕ್ಕ ಸರಿಯಾಗಿದೆ. ನಿಮ್ಮ 14 ಮಂದಿಯ ಖರ್ಚು ಕೂಡಿಸಿದರೆ 4 ಲಕ್ಷ 20 ಸಾವಿರ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ ಮರಳಿ ಕಟ್ಟಿಕೊಳ್ಳಲು ನೇಪಾಳ ಸರ್ಕಾರ ಕೊಟ್ಟಿದ್ದು 3 ಲಕ್ಷ ನೇಪಾಳಿ ರೂಪಾಯಿ, ಅದೂ ಮೂರು ಕಂತುಗಳಲ್ಲಿ. ನಮ್ಮ ದುಡ್ಡಿನಲ್ಲಿ ಅದು 1 ಲಕ್ಷ 87 ಸಾವಿರದ ಆಸುಪಾಸು. ಅಂದರೆ ನೀವು ಹೋಗಿ ಬರುವ ಖರ್ಚು ಅಂಥ ಎರಡು ಅನುದಾನಗಳಿಗಿಂತ ಹೆಚ್ಚು. ಆದ್ದರಿಂದ ಮುಂದಿನ ಭಾನುವಾರ ಅವರ ಹತ್ತಿರ ಹೋಗಿ, "ನಿಮ್ಮ ಮಾತು ಖರೆ" ಎಂದು ಒಪ್ಪಿಕೊಳ್ಳಿ. ಮನೆಗಳ ಸಂಖ್ಯೆಯೊಂದೇ ಗುರಿಯಾಗಿದ್ದರೆ ಹಣ ಕಳಿಸಿ ಪುಣೆಯಲ್ಲೇ ಉಳಿಯುವುದು ಮೇಲು.

ಆದರೂ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಇನ್ನೊಬ್ಬರ ಮನೆಗೆ ಕಲ್ಲು ಹೊತ್ತ ಹುಡುಗ ಮುಂದೆ ಮೂವತ್ತು ವರ್ಷ ಸಂಬಳ ಎಣಿಸುವಾಗ ಆ ಮನೆಯವರನ್ನು ನೆನೆಯುತ್ತಾನೆ. ಅದಕ್ಕೆ ಬೆಲೆಯಿದೆ. ಆದರೆ ಅದು ನಿಮ್ಮ ಹುಡುಗರಿಗೆ ಸಿಗುವ ಲಾಭ. ಅದರ ಖರ್ಚನ್ನು ಸಭೆಯ ಕಾಣಿಕೆಯಿಂದ ತೆಗೆಯಬೇಡಿ, ಅವರವರ ಜೇಬಿನಿಂದಲೇ ಬರಲಿ. ಹೋಗುವವರು ತಮ್ಮ ಪ್ರಯಾಣಕ್ಕೆ ಎಷ್ಟು ಹಾಕುತ್ತಾರೋ ಅಷ್ಟನ್ನೇ ಆ ಹಳ್ಳಿಯ ಮನೆಗೂ ಹಾಕಲಿ. ಹದಿನಾಲ್ಕು ಮಂದಿ ಏಳಕ್ಕೆ ಇಳಿದರೂ ಚಿಂತೆಯಿಲ್ಲ. ವಿಮಾನ ಬಿಟ್ಟು ರೈಲಿನಲ್ಲಿ ಗೋರಖಪುರಕ್ಕೆ ಹೋಗಿ ಸೋನೌಲಿ ಗಡಿ ದಾಟಿದರೆ ಖರ್ಚು ಇನ್ನಷ್ಟು ತಗ್ಗುತ್ತದೆ.

ನಿಮ್ಮ ಊರಿನ ಮಗ್ಗುಲಲ್ಲೇ ಇಂಥ ಕೆಲಸ ನಡೆದಿದೆ. ಪುಣೆ–ಲೋಣಾವಳಾ ಲೋಕಲ್ ಹಿಡಿದರೆ ಲೋಣಾವಳೆಗೆ ಒಂದು ನಿಲ್ದಾಣ ಮೊದಲು ಮಳವಲಿ ಸಿಗುತ್ತದೆ. ಕಾರ್ಲಾ ಗುಹೆಗಳಿಗೆ ಹೋಗುವವರಿಗೆ ಗೊತ್ತಿರುವ ಜಾಗ. 2006ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಸುಮಾರು 2,000 ಸ್ವಯಂಸೇವಕರು ಸೇರಿ ಒಂದು ವಾರ 100 ಮನೆಗಳಿಗಾಗಿ ದುಡಿದರು. ಹಲವು ದೇಶಗಳಿಂದ ಬಂದಿದ್ದ ಅವರ ನಡುವೆ ಅಮೆರಿಕದ ಮಾಜಿ ಅಧ್ಯಕ್ಷ, 82 ವರ್ಷದ ಜಿಮ್ಮಿ ಕಾರ್ಟರ್ ಇದ್ದರು. ಅದನ್ನು ನಡೆಸಿದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕ್ರೈಸ್ತ ದಂಪತಿ ಕಟ್ಟಿದ ಸಂಸ್ಥೆ. ಅವರ ರೀತಿಯಲ್ಲಿ ನನಗೆ ಬಹಳ ಹಿಡಿಸುವುದು ಒಂದಿದೆ: ಮನೆ ಪುಕ್ಕಟೆ ಅಲ್ಲ. ಕುಟುಂಬವೂ ಮೈಮುರಿದು ದುಡಿಯಬೇಕು, ಲಾಭವಿಲ್ಲದ ಸಾಲವನ್ನು ಕಂತಿನಲ್ಲಿ ತೀರಿಸಬೇಕು. ಹಾಗಾಗಿ ಮನೆಯೊಡತಿ ಯಾರ ಮುಂದೂ ತಲೆ ತಗ್ಗಿಸಬೇಕಿಲ್ಲ. ನೀವು ಹೋಗುವ ಸಂಸ್ಥೆಯನ್ನು ಮೊದಲು ಇದನ್ನೇ ಕೇಳಿ: ಮನೆ ಯಾರ ಹೆಸರಿನಲ್ಲಿದೆ, ನಕ್ಷೆ ಯಾರು ಒಪ್ಪಿದ್ದು, ನಾವು ಬಂದರೆ ಅಲ್ಲಿಯ ಕೂಲಿಯವರ ಪಗಾರ ತಪ್ಪುತ್ತದೆಯೇ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಹೋಗಬೇಡಿ.

ತಯಾರಿ ಯಾಕೆ ಬೇಕೆಂಬುದನ್ನು ಕಾರ್ಟರ್ ಮನೆಯದೇ ಇನ್ನೊಂದು ಕಥೆ ಹೇಳುತ್ತದೆ. ಅವರ ತಾಯಿ ಲಿಲಿಯನ್ 1966ರಲ್ಲಿ, 68ನೇ ವಯಸ್ಸಿನಲ್ಲಿ, ದಾದಿಯಾಗಿ ಮುಂಬೈಯ ವಿಕ್ರೋಳಿಗೆ ಬಂದು 21 ತಿಂಗಳು ದುಡಿದರು. ವೃತ್ತಿಯಿಂದಲೇ ದಾದಿಯಾಗಿದ್ದ ಆಕೆಗೂ ಹೊರಡುವ ಮೊದಲು ಮೂರು ತಿಂಗಳ ತರಬೇತಿ ಇತ್ತು.

ಈಗ ನಿಮ್ಮ ತಯಾರಿಯ ಮಾತು. ಟೀ ಶರ್ಟಿನ ಹಣ ಉಳಿಸಿ, ಒಬ್ಬ ಗೌಂಡಿಯನ್ನು ಹುಡುಕಿ. ವಾರ್ಜೆ, ಹಡಪ್ಸರದ ಮಜೂರ್ ಅಡ್ಡಾಗಳಲ್ಲಿ ಬೆಳಿಗ್ಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಪುಣೆಯ ಎಷ್ಟೋ ಇಮಾರತುಗಳು ಎದ್ದಿರುವುದು ಆ ಕೈಗಳಿಂದ. ಅಷ್ಟು ಮನೆ ಕಟ್ಟಿದವರಲ್ಲಿ ಎಷ್ಟೋ ಜನ ಇವತ್ತಿಗೂ ಸೈಟಿನ ಪತ್ರಾ ಶೆಡ್ಡಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇದ್ದಾರೆ. ನಿಮ್ಮದೇ ಭಾಷೆ ಆಡುವ ಇವರ ಹೆಸರು ನಿಮ್ಮ ಕೂಟಕ್ಕೆ ತಿಳಿಯದೆ, ನೇಪಾಳದ ಬಡವನ ಮನೆಗೆಂದು ಹೊರಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಸಭೆಯ ಸುತ್ತಮುತ್ತ ಸೋರುವ ಮನೆ, ಬಿದ್ದ ಗೋಡೆ ಇರುವ ಕುಟುಂಬ ಖಂಡಿತ ಇರುತ್ತದೆ. ಮನೆಯವರನ್ನು ಕೇಳಿಕೊಂಡು, ಗೌಂಡಿಗೆ ದಿನದ ಪೂರ್ತಿ ಪಗಾರ ಕೊಟ್ಟು, ಕೆಲವು ಶನಿವಾರ ಅವನ ಕೈಕೆಳಗೆ ದುಡಿಯಿರಿ. ಕಲಿಸುವುದೂ ಕೆಲಸವೇ, ಸೇವೆಯ ಹೆಸರಿನಲ್ಲಿ ಅವನ ಕೂಲಿ ಮುರಿಯಬೇಡಿ. ಮೊದಲ ದಿನವೇ ಕರಣೆ ಕೇಳಬಾರದು. ಮರಳು ಸಿಮೆಂಟನ್ನು ಒಣದಾಗಿಯೇ ಒಂದೇ ಬಣ್ಣ ಬರುವವರೆಗೆ ಸಲಿಕೆಯಲ್ಲಿ ತಿರುವುವುದು, ನಡುವೆ ಗುಣಿ ಮಾಡಿ ನೀರು ಬಿಡುವುದು, ಕಲೆಸಿದ ಮಾಲು ಅರ್ಧ ತಾಸಿನೊಳಗೆ ಗೋಡೆಗೆ ಹೋಗುವಂತೆ ಬಾಂಡ್ಲಿ ದಾಟಿಸುವುದು. ಬಾಂಡ್ಲಿಯನ್ನು ಅರ್ಧ ಮಾತ್ರ ತುಂಬಬೇಕು. ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಬೇಕು. ಇಟ್ಟಂಗಿಯನ್ನು ಮೊದಲೇ ನೀರಲ್ಲಿ ನೆನೆಸದಿದ್ದರೆ ಅದು ಮಾಲಿನ ನೀರು ಹೀರಿ ಗೋಡೆ ಸಡಿಲಾಗುತ್ತದೆ. ಹಸಿ ಸಿಮೆಂಟು ಬರಿಗೈಯನ್ನು ಸುಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದು ಉರಿಯತೊಡಗಿದಾಗ ಗ್ಲೌಸ್ ಯಾಕೆಂದು ಯಾರೂ ಕೇಳುವುದಿಲ್ಲ. ಕಟ್ಟಿದ ಗೋಡೆಗೆ ಮುಂದೆ ಏಳು ದಿನವಾದರೂ ನೀರು ಹೊಡೆಯಬೇಕು. ಆ ಏಳು ದಿನ ಆಫೀಸಿಗೆ ಹೋಗುವ ಮೊದಲು ಸರದಿಯಂತೆ ಯಾರು ಬಂದು ನೀರು ಹೊಡೆಯುತ್ತಾರೋ ಅವರನ್ನೇ ನೇಪಾಳಕ್ಕೆ ಆರಿಸಿ. ಹಾಡು ಚೆನ್ನಾಗಿ ಹಾಡುವವರು ಕಾಯಲಿ.

ಗೌಂಡಿ "ಇದನ್ನು ಕೆಡವು" ಎಂದರೆ ಎದುರಾಡದೆ ಕೆಡವುವುದನ್ನೂ ಅಲ್ಲೇ ಕಲಿಯಬೇಕು. ನೇಪಾಳದಲ್ಲಿ ಗೌಂಡಿಗೆ ಡಕರ್ಮಿ ಎನ್ನುತ್ತಾರೆ. ಅವನನ್ನು ದಾಯ್ ಎಂದು ಕರೆಯಿರಿ, ನಮ್ಮಲ್ಲಿ ಅಣ್ಣ ಅನ್ನುವ ಹಾಗೆ. ಗೋಡೆಗೆ ಅಡ್ಡಲಾಗಿ ಕಿಟಕಿಯ ಕೆಳಗೊಂದು, ಮೇಲೊಂದು, ಮಾಡಿನಡಿ ಒಂದು ಪಟ್ಟಿ ಕಟ್ಟಬೇಕು, ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲು ಅಲ್ಲಲ್ಲಿ ಇಡಬೇಕು ಎಂದು ಅವನು ಹಟ ಹಿಡಿದರೆ ಅದಕ್ಕೆ ಕಾರಣವಿದೆ. 2015ರ ಭೂಕಂಪದಲ್ಲಿ ಸುಮಾರು 9,000 ಜನರನ್ನು ಅಲ್ಲಿಯವರು ಕಳೆದುಕೊಂಡಿದ್ದಾರೆ. ನಿಮ್ಮ ಸಭೆಯಲ್ಲಿ ಉಮರ್ಗಾ, ಆಳಂದದ ಕಡೆಯ ಹಿರಿಯರಿದ್ದರೆ 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ಕಥೆ ಕೇಳಿ. ಗಣಪತಿ ಕಳಿಸಿ ಬಂದು ಮಲಗಿದ್ದ ಜನರ ಮೇಲೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಕುಸಿದವು. ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಅಂಥ ಕಲ್ಲುಗಳಾಗಲಿ ಪಟ್ಟಿಗಳಾಗಲಿ ಅವುಗಳಲ್ಲಿ ಇರಲಿಲ್ಲ. ಆಮೇಲೆ ಸರ್ಕಾರ, ದಾನಿಗಳು ಕಟ್ಟಿದ ಹೊಸ ಊರುಗಳು ನಗರದ ಕಾಲೊನಿಯಂತೆ ಸಾಲಾಗಿ ಎದ್ದವು. ದನ ಎಲ್ಲಿ ಕಟ್ಟಬೇಕು, ಹೊಲಕ್ಕೆ ಎಷ್ಟು ದೂರ ನಡೆಯಬೇಕು ಎಂಬ ಸಂಕಟ ಊರವರಿಗೆ ಉಳಿಯಿತು. ಅಲ್ಲಿಯ ಮನೆ ಹೇಗಿರಬೇಕೆಂದು ನಿಮ್ಮ ಹುಡುಗರು ಸಲಹೆ ಕೊಡುವುದು ಬೇಡ. ಮನೆಯೊಡತಿ ಹೇಳಲಿ.

ಕರಪತ್ರದ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಒಂದನ್ನೂ ಒಯ್ಯಬೇಡಿ. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರ ಆಗಸ್ಟಿನಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆ ಅದಕ್ಕೆ ಐದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನೀವು ಹತ್ತು ದಿನದಲ್ಲಿ ಮರಳುತ್ತೀರಿ, ಅನುಮಾನದ ಫಲ ಉಣ್ಣುವವರು ಅಲ್ಲಿಯ ವಿಶ್ವಾಸಿಗಳು. ಕಾನೂನು ಇರದಿದ್ದರೂ ನಾನು ಬೇಡವೆನ್ನುತ್ತಿದ್ದೆ. ತಲೆಯ ಮೇಲೆ ಸೂರು ಕಾಯುತ್ತಿರುವ ತಾಯಿ ನಿಮ್ಮ ಪ್ರಾರ್ಥನೆಗೆ ಬೇಡ ಎನ್ನಲು ಸಾಧ್ಯವೇ? ಬೇಡ ಎನ್ನಲಾಗದವರ ಮುಂದೆ ಸುವಾರ್ತೆ ಇಡುವುದು ಕರ್ತನ ಹೆಸರಿಗೆ ಒಪ್ಪುವುದಿಲ್ಲ. ನಿಮ್ಮ ಪ್ರಾರ್ಥನೆ ನೀವು ಉಳಿಯುವ ಕೋಣೆಯಲ್ಲಿ ನಡೆಯಲಿ. ಅಲ್ಲಿ ಶನಿವಾರ ವಾರದ ರಜೆಯಾಗಿ ಬಂದದ್ದರಿಂದ ಬಹುತೇಕ ಸಭೆಗಳ ಆರಾಧನೆ ಅಂದೇ ನಡೆಯುತ್ತದೆ. ಹತ್ತಿರದಲ್ಲಿ ಸಭೆಯಿದ್ದರೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಪುಣೆಯ ಮಕ್ಕಳಿಗೆ ದೇವನಾಗರಿ ಬರುತ್ತದೆ, ಐವತ್ತು ನೇಪಾಳಿ ಮಾತುಗಳನ್ನು ಕಲಿಯುವುದು ಕಷ್ಟವಲ್ಲ. ಢುಂಗಾ, ಬಾಲುವಾ, ಪಾನಿ, ಬಿಸ್ತಾರೈ: ಕಲ್ಲು, ಮರಳು, ನೀರು, ನಿಧಾನ.

ದಿನಾಂಕವನ್ನೂ ಬದಲಿಸಬೇಕು. ನಮ್ಮ ದಸರೆ ಅಲ್ಲಿಯ ದಶೈಂ, ಅವರ ಅತಿ ದೊಡ್ಡ ಹಬ್ಬ. ಡಕರ್ಮಿಗಳೆಲ್ಲ ಊರಿಗೆ ಹೋಗಿರುತ್ತಾರೆ, ನೀವು ಖಾಲಿ ಪಾಯದ ಮುಂದೆ ನಿಲ್ಲುತ್ತೀರಿ. ದೀಪಾವಳಿಯ ಹೊತ್ತಿನ ತಿಹಾರ್ ಮುಗಿದ ಮೇಲೆ, ಮಳೆ ಪೂರ್ತಿ ನಿಂತ ಹೊತ್ತಿನಲ್ಲಿ ಹೋಗಿ. ವೀಸಾ ಬೇಡ, ಆದರೆ ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ನಿಮ್ಮ ವಯಸ್ಸಿನವರ ಆಧಾರ್ ಅಲ್ಲಿಗೆ ನಡೆಯದು. ಹತ್ತು ವರ್ಷದೊಳಗೆ ಧನುರ್ವಾಯು ಚುಚ್ಚುಮದ್ದು ಆಗದವರು ಹಾಕಿಸಿಕೊಳ್ಳಲಿ, ಗಟ್ಟಿ ಬೂಟು ಕೊಳ್ಳಲಿ, ಎಲ್ಲರಿಗೂ ಪ್ರಯಾಣ ವಿಮೆ ಇರಲಿ.

ಆ ಹುಡುಗಿಯ ತಂದೆತಾಯಿಯನ್ನು ಒಪ್ಪಿಸಲು ಹೋಗಬೇಡಿ, ಅವರ ಮಾತು ಕೇಳಲು ಹೋಗಿ. ಜೊತೆಗೆ ಹಿರಿಯ ಹೆಂಗಸೊಬ್ಬರು ಬರುತ್ತಾರೆಯೇ, ಹುಡುಗಿಯರು ಎಲ್ಲಿ ಮಲಗುತ್ತಾರೆ, ಕೈಕಾಲು ಮುರಿದರೆ ಆಸ್ಪತ್ರೆ ಎಷ್ಟು ದೂರ? ಇದಕ್ಕೆಲ್ಲ ಕಾಗದದ ಮೇಲೆ ಉತ್ತರ ಸಿದ್ಧವಿಲ್ಲದಿದ್ದರೆ ಅವರ ಅಂಜಿಕೆ ನ್ಯಾಯವಾದದ್ದು. ಸ್ತ್ರೀಯರ ಕೂಟದಲ್ಲಿ ಯಾರಾದರೂ ಒಬ್ಬರು ಹೊರಡುವುದಾದರೆ ಅರ್ಧ ಸಮಸ್ಯೆ ತೀರುತ್ತದೆ. ಎಲ್ಲ ಕೇಳಿದ ಮೇಲೂ ಅವರು ಬೇಡವೆಂದರೆ ಒತ್ತಾಯಿಸಬೇಡಿ. ಶನಿವಾರದ ಕೆಲಸಕ್ಕೆ ಆ ಹುಡುಗಿ ಬರಲಿ.

ಟಿಕೆಟ್ಟು ತೆಗೆಯುವಾಗ ರದ್ದಾದರೆ ಹಣ ಮರಳುವಂಥದ್ದನ್ನೇ ತೆಗೆಯಿರಿ. 2015ರ ನವೆಂಬರಿನಲ್ಲಿ ಕಾರ್ಟರ್ ದಂಪತಿ ಸ್ವಯಂಸೇವಕರೊಡನೆ ನೇಪಾಳದ ಚಿತವನದಲ್ಲಿ ಮನೆ ಕಟ್ಟಬೇಕಿತ್ತು. ಅಲ್ಲಿಯ ಗಲಭೆ, ಇಂಧನದ ಅಭಾವದಿಂದಾಗಿ ಆ ಯೋಜನೆಯೇ ರದ್ದಾಯಿತು. ನಿಮಗೂ ಹಾಗಾದರೆ ಮನೆಗೆಂದು ಎತ್ತಿಟ್ಟ ಪಾಲು ಮಾತ್ರ ಆ ಕುಟುಂಬಕ್ಕೆ ತಪ್ಪದೆ ಹೋಗಬೇಕು. ಇದನ್ನು ಸಭಾ ಸಮಿತಿಯ ನಡಾವಳಿ ಪುಸ್ತಕದಲ್ಲಿ ಈಗಲೇ ಬರೆಸಿ, ಅಯ್ಯನವರ ಸಹಿ ಹಾಕಿಸಿಡಿ.